ಸಾಹುಕಾರರ ಮಗಳ ಅಭಿನಯ

ನಾಟ್ಯದ ಮೇಷ್ಟ್ರು ಹುಬ್ಬು ಏರಿಸಿದರೆ ಮೂರು ಬೀದಿಯ ಜನ ಬಿದ್ದುಬಿದ್ದು ನಗುತ್ತಿದ್ದರು; ಇಳಿಸಿದರೆ ಊರಿಗೆ ಊರೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿತ್ತು. ಅಂಥವರಿಗೂ ಸಾಹುಕಾರರ ಮಗಳು ಚಾರುಶೀಲೆಯ ಮುಖದಲ್ಲಿ ಒಂದೇ ಒಂದು ರಸ ಹುಟ್ಟಿಸಲಾಗಲಿಲ್ಲ. ಶೃಂಗಾರಕ್ಕೂ ಅದೇ ಮುಖ, ರೌದ್ರಕ್ಕೂ ಅದೇ ಮುಖ.

"ನಿಮ್ಮ ನಾಟ್ಯಶಾಲೆ ವಾರ್ಷಿಕೋತ್ಸವದಲ್ಲಿ ನನ್ನ ಮಗಳೇ ನಾಯಕಿ. ಇಲ್ದಿದ್ರೆ ನನ್ನ ಕಟ್ಟಡ ಖಾಲಿ ಮಾಡಿ," ಎಂದರು ಸಾಹುಕಾರರು. ಮೇಷ್ಟ್ರು ರಾತ್ರಿಯಿಡೀ ಪುರಾಣಗಳನ್ನೆಲ್ಲ ತಿರುವಿಹಾಕಿದರು.

ಆ ದಿನ ಬಂತು, ಪರದೆ ಎದ್ದಿತು. ರಂಗದ ನಟ್ಟನಡುವೆ ಕುಳಿತ ಚಾರುಶೀಲೆ ರೆಪ್ಪೆ ಕೂಡ ಅಲುಗಿಸಲಿಲ್ಲ. ಚಪ್ಪಾಳೆಗೆ ಸಭಾಂಗಣದ ಹೆಂಚುಗಳು ಹಾರಿಹೋದವು.

ಸಾಹುಕಾರರು ಮೀಸೆ ತಿರುವಿದರು. "ಭೇಷ್! ಯಾವ ಪಾತ್ರ ಮೇಷ್ಟ್ರೇ?"

"ಕಲ್ಲಾದ ಅಹಲ್ಯೆ, ಧಣಿ."

"ಓಹೋ! ಹಾಗಾದ್ರೆ ರಾಮ ಯಾವಾಗ ಬರ್ತಾನೆ?"

"ಮುಂದಿನ ವರ್ಷ."