ಒಂದು ದಿನ ಇಡಬೇಕಿದ್ದ ನೀರು

ಚಿಕ್ಕವಳಿದ್ದಾಗ ಅಣ್ಣ ಹೇಳಿದ ಒಂದು ಸಣ್ಣ ಕೆಲಸ ನಾನು ಮಾಡಲಿಲ್ಲ. ಇವತ್ತು ನಳದ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಬಂತು, ಬಸವಕಲ್ಯಾಣದ ಆ ಮಧ್ಯಾಹ್ನ ನೆನಪಾಯಿತು.

ಹುಮನಾಬಾದಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಣ್ಣ ತಂದ ಮೀನುಗಳವು. ಮೈಮೇಲೆ ನೀಲಿ, ಕೆಂಪು ಗೆರೆ. ಗಾಜಿನ ತೊಟ್ಟಿಯ ಗಿಡಗಳ ನಡುವೆ ಗುಂಪಾಗಿಯೇ ತಿರುಗುತ್ತಿದ್ದವು.

"ನಿಮ್ಮಂಗ ಜಗಳಾಡಂಗಿಲ್ಲ ನೋಡ್ರಿ," ಎಂದು ಅವ್ವ ನಗುತ್ತಿದ್ದಳು.

ಎರಡು ದಿನ ಘಾಟಬೋರಾಳದ ಮಾವನ ಮನೆಗೆ ಹೊರಟಾಗ ಅಣ್ಣ ಹೇಳಿದ್ದ: "ನಾಳೆ ತೊಟ್ಟಿ ನೀರು ಬದಲಿಸು. ನಳದ ನೀರು ಇವತ್ತೇ ಬಕೆಟ್‌ನ್ಯಾಗ ತುಂಬಿಡು, ಪೌಡರ್ ವಾಸನಿ ಹೋಗ್ಲಿ."

ಆಟದಲ್ಲಿ ಮರೆತೆ. ಮರುದಿನ ಮಧ್ಯಾಹ್ನ ಆಗಷ್ಟೇ ಬಂದ ನಳದ ನೀರನ್ನೇ ಸುರಿದುಬಿಟ್ಟೆ. ಸಂಜೆಗೆ ಮೀನುಗಳು ಒಂದೊಂದು ಕಡೆ ಸತ್ತು ತೇಲುತ್ತಿದ್ದವು.

ಮರುದಿನ ಅಣ್ಣ ಬಂದು ಅವನ್ನು ಅಂಗೈಯಲ್ಲಿ ಎತ್ತಿಕೊಂಡ. "ಹೋಗೂ ಮುಂದ ನಾನೇ ಮೀನಿಗೆ ಕಾಳು ಜಾಸ್ತಿ ಹಾಕಿದ್ನೇನೋ," ಎಂದ. ನಾನು ನಳದ ನೀರಿನ ಮಾತೆತ್ತದೆ ಆಟಕ್ಕೆ ಓಡಿದೆ. ಅವನು ಮತ್ತೆ ಮೀನು ಸಾಕಲಿಲ್ಲ.

ಈಗಷ್ಟೇ ಅವನಿಗೆ ಫೋನು ಮಾಡಿದೆ.

"ಅಣ್ಣಾ, ಅವತ್ತ ನಳದ ನೀರು ಹಂಗೇ ಸುರಿದಾಕಿ ನಾನು. ನಿನ್ನ ಕೈಯಿಂದ ಒಂದೂ ಸತ್ತಿಲ್ಲ. ತಪ್ಪಾತು, ಮಾಫ್ ಮಾಡು."