ಎರಡನೇ ಭಾಗದ ಮುಖವಾಡ

ರಹೀಲನ ತಲೆಯ ಹಿಂದೆ ಮುಖವಾಡದ ದಾರ ಕಟ್ಟುವಾಗ ಆಂಜಿಯ ಹೊಟ್ಟೆ ಉರಿಯುತ್ತಿತ್ತು. ಮೊದಲ ಸಿನಿಮಾದಲ್ಲಿ ಇದೇ ಮುಖವಾಡ ತೊಟ್ಟು ಊರನ್ನು ಕಾಪಾಡಿದ್ದು ಅವನೇ. ಈಗ ಆ ಹೊಟ್ಟೆ ಮುಂದೆ ಬಂದಿದೆಯೆಂದು ನಿರ್ದೇಶಕರು ಎರಡನೇ ಭಾಗಕ್ಕೆ ರಹೀಲನನ್ನು ಹೀರೋ ಮಾಡಿದ್ದರು.

“ಬಿಗಿ ಆಯ್ತಣ್ಣ,” ಎಂದ ರಹೀಲ್.

“ಹೀರೋ ಅಂದ್ಮೇಲೆ ತಡ್ಕೋಬೇಕು ಕಣೋ,” ಎಂದು ಆಂಜಿ ಇನ್ನೊಂದು ಗಂಟು ಬಿಗಿದ.

ರಹೀಲ್ ಶ್ರೀನಿವಾಸಪುರದ ಮಾವಿನ ಮಂಡಿಯ ಮಾಳಿಗೆ ಏರಿ ನಿಂತ. ಕೆಳಗಿದ್ದ ಜನ ಶಿಳ್ಳೆ ಹೊಡೆದು “ಆಂಜಿ! ಆಂಜಿ!” ಎಂದು ಕೂಗಿದರು. ಒಳಗಿರುವ ಮುಖ ಬೇರೆಯದೆಂದು ಅವರಿಗೇನು ಗೊತ್ತು? ರಹೀಲ್ ಗತ್ತಿನಿಂದ ಕೈ ಬೀಸಿದ. ತನ್ನ ಹೆಸರು ಕೇಳಿ, ಗುಂಪಿನ ನಡುವೆ ನಿಂತಿದ್ದ ಆಂಜಿಯ ಕೈಯೂ ತಾನಾಗಿ ಮೇಲೆದ್ದಿತು.

ಹಿಂದೆ ನಿಂತಿದ್ದ ಹಣ್ಣು ಮಾರುವ ಮುನಿಯಲ್ಲಮ್ಮ ಗದರಿದಳು: “ಕೈ ಇಳ್ಸಪ್ಪಾ, ಆಂಜಿ ಕಾಣ್ತಾ ಇಲ್ಲ!”