ಏಳನೆಯ ಮತ

ಮೂರು ಮತ ಒಬ್ಬಳಿಗೆ, ಮೂರು ಇನ್ನೊಬ್ಬಳಿಗೆ. ಏಳನೆಯ ಚೀಟಿ ಇನ್ನೂ ಮುದುಕನ ಮುಷ್ಟಿಯಲ್ಲೇ ಇತ್ತು.

ಕ್ರೀಡಾ ಪತ್ರಿಕೆಯ ಆ ಕೋಣೆಯಲ್ಲಿ ಬೆಳಿಗ್ಗೆಯಿಂದ ವಾದವೋ ವಾದ. ಸಾರ್ವಕಾಲಿಕ ಶ್ರೇಷ್ಠ ಫಿಗರ್ ಸ್ಕೇಟರ್‌ಗಳ ಪಟ್ಟಿ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಮೂರರಿಂದ ಹತ್ತರವರೆಗಿನ ಹೆಸರುಗಳು ಹೇಗೋ ಇತ್ಯರ್ಥವಾಗಿದ್ದವು. ಮೊದಲ ಸ್ಥಾನ ಯಾರಿಗೆ ಎಂಬಲ್ಲಿ ಗಾಡಿ ನಿಂತಿತ್ತು. ಒಬ್ಬಳು ನಾಲ್ಕು ಬಾರಿಯ ಚಾಂಪಿಯನ್. ಇನ್ನೊಬ್ಬಳನ್ನು ಅವಳ ಪುಟ್ಟ ಮೈಕಟ್ಟಿಗೆ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಎರಡು ವರ್ಷ ಯಾರಿಗೂ ಸೋಲದಿದ್ದ ಗುಬ್ಬಿ, ಮೂರನೆಯ ವರ್ಷದ ಫೈನಲ್‌ನಲ್ಲಿ ಕೊನೆಯ ಜಿಗಿತದಿಂದ ಇಳಿಯುವಾಗ ಬಿದ್ದು ಮಂಡಿ ಮುರಿದುಕೊಂಡಳು. ಮತ್ತೆ ಮಂಜುಗಡ್ಡೆಗೆ ಇಳಿಯಲೇ ಇಲ್ಲ. ಹೆದರಿ ಬಿದ್ದಳು ಎಂದು ಅಂದಿನ ಪತ್ರಿಕೆಗಳು ಬರೆದವು. ಚಾಂಪಿಯನ್ ತನ್ನ ಮೊದಲ ಚಿನ್ನ ಗೆದ್ದದ್ದು ಅದೇ ದಿನ.

ಮುದುಕ ಮೂವತ್ತು ವರ್ಷ ಸ್ಕೇಟ್ ಬೂಟುಗಳ ಅಲಗಿಗೆ ಸಾಣೆ ಹಿಡಿದವನು. ಅವನಷ್ಟು ಹತ್ತಿರದಿಂದ ಈ ಹುಡುಗಿಯರನ್ನು ಕಂಡವರು ಬೇರೆ ಇಲ್ಲವೆಂದು ಸಮಿತಿಗೆ ಕರೆಸಿದ್ದರು. ತೊಡಕು ಒಂದೇ. ಚಾಂಪಿಯನ್ ಅವನ ಸ್ವಂತ ಮಗಳು.

ಸಂಪಾದಕಿ ಇದನ್ನು ಮೊದಲೇ ಹೇಳಿ ನೋಡಿದ್ದಳು. ಜನ ಆಡಿಕೊಳ್ಳುತ್ತಾರೆ, ನೀವು ಹಿಂದೆ ಸರಿದರೆ ಒಳ್ಳೆಯದು ಎಂದಿದ್ದಳು. ಮುದುಕ ಜಗ್ಗಲಿಲ್ಲ. ಕೂತಲ್ಲಿ ಕೂರುತ್ತಲೂ ಇರಲಿಲ್ಲ. ಗುಬ್ಬಿ ಬಿದ್ದ ದೃಶ್ಯವನ್ನು ತೆರೆಯ ಮೇಲೆ ಹಾಕಿದಾಗಲೆಲ್ಲ ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋಗುತ್ತಿದ್ದ. ಮಗಳ ಗೆಲುವಿಗೆ ಅಡ್ಡ ಬಂದವಳ ಮುಖವೂ ಬೇಡವೇನೋ ಎಂದು ಯಾರೋ ಪಿಸುಗುಟ್ಟಿದರು.

"ಯಜಮಾನರೇ, ಚೀಟಿ ಕೊಡಿ. ನಿಮ್ಮ ಮತ ಯಾರಿಗೆ ಅಂತ ಎಲ್ಲರಿಗೂ ಗೊತ್ತಿರೋದೇ," ಎಂದಳು ಸಂಪಾದಕಿ.

ಬೆವರಿಗೆ ಒದ್ದೆಯಾದ ಚೀಟಿಯನ್ನು ಬಿಡಿಸಿ ಓದಿದಳು. ಇನ್ನೊಮ್ಮೆ ಓದಿದಳು. ಅದರಲ್ಲಿ ಗುಬ್ಬಿಯ ಹೆಸರಿತ್ತು.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಗಳು ಬಾಗಿಲಲ್ಲೇ ನಿಂತಿದ್ದಳು. ನಲವತ್ತೈದರ ಹೆಂಗಸು, ಬೆನ್ನು ಇನ್ನೂ ನೆಟ್ಟಗೆ. ಒಳಗೆ ಬಂದವಳು ಕುರ್ಚಿ ಎಳೆದುಕೊಳ್ಳಲಿಲ್ಲ, ಅವನು ಮುಂದಿಟ್ಟ ಚಹಾ ಮುಟ್ಟಲಿಲ್ಲ. ಕಿಟಕಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ ಓಡಾಡಿದಳು. ಒಂದಷ್ಟು ಹೊತ್ತು ಹಳೆಯದನ್ನೆಲ್ಲ ಕೆದಕಿದಳು. ಆ ಚಿನ್ನ ಗೆದ್ದು ಬಂದ ರಾತ್ರಿ ಇಡೀ ಬೀದಿ ಕುಣಿಯುತ್ತಿದ್ದರೆ ಇವನು ಜ್ವರವೆಂದು ಮುಸುಕು ಹೊದ್ದು ಮಲಗಿದ್ದ. ಮರುವಾರವೇ ಕಣ್ಣು ಮಂಜಾಯಿತೆಂದು ಕಸುಬು ಬಿಟ್ಟ. ಈಗಲೂ ಸೂಜಿಗೆ ದಾರ ಪೋಣಿಸುವ ಕಣ್ಣು ಅದು! ಅವಳ ಮುಂದಿನ ಮೂರು ಗೆಲುವುಗಳಲ್ಲಿ ಒಂದನ್ನೂ ನೋಡಲು ಬರಲಿಲ್ಲ.

"ಅವಳು ಬಿದ್ದಳಪ್ಪ. ನಾನು ಬೀಳಲಿಲ್ಲ," ಎಂದಳು.

"ನಿನಗಿಂತ ಚೆನ್ನಾಗಿ ಆಡ್ತಿದ್ದಳು."

ಮಗಳು ಓಡಾಟ ನಿಲ್ಲಿಸಿದಳು. ಬಹಳ ದಿನದಿಂದ ತಡೆದಿಟ್ಟಿದ್ದ ಮಾತು ಈಗ ಹೊರಬಂತು.

"ಪ್ರತಿ ಭಾನುವಾರ ಅವಳ ಮನೆಗೆ ಹೋಗ್ತೀಯ. ಅಮ್ಮ ಇದ್ದಾಗಲೂ ಹೋಗ್ತಿದ್ದೆ. ಅವಳ ಮನೆ ನಲ್ಲಿ ರಿಪೇರಿ ಮಾಡ್ತೀಯ, ಊರುಗೋಲಿಗೆ ರಬ್ಬರು ಹಾಕಿಸ್ತೀಯ. ನನ್ನ ಮಗಳ ಹುಟ್ಟಿದ ದಿನ ಮರೀತೀಯ, ಅವಳ ಆಸ್ಪತ್ರೆ ದಿನ ಮರೆಯಲ್ಲ. ನಿಜ ಹೇಳು. ಅವಳೂ ನಿನ್ನ ಮಗಳಾ?"

ಮುದುಕ ಕತ್ತೆತ್ತಿ ಅವಳನ್ನು ನೋಡಿದ. ಕೈ ಲೋಟದ ಅಂಚನ್ನು ಸುತ್ತುತ್ತಲೇ ಇತ್ತು. ಅವಳು ಕಾದಳು. ಕೊನೆಗೆ ಅವನು ಹೌದೆಂದು ತಲೆಯಾಡಿಸಿದ.

ಈಗ ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ. ಯಾರಿಗೂ ಗೊತ್ತಿಲ್ಲ. ಗುಬ್ಬಿಗೂ ಗೊತ್ತಿಲ್ಲ. ನೀನೂ ಬಾಯಿ ಬಿಡಬೇಡ."

"ಯಾಕಪ್ಪ ಹಾಗೆ ಮಾಡಿದೆ?"

"ಬುದ್ಧಿ ಮಂಕಾಗಿತ್ತು, ಮಗೂ. ಒಂದು ಗಳಿಗೆ. ಅಷ್ಟೇ."

ಅವಳು ಅತ್ತಳು. ಅಮ್ಮನಿಗಾಗಿ ಅತ್ತಳು, ಆಮೇಲೆ ತನಗಾಗಿ. ಮುದುಕ ಸಮಾಧಾನ ಮಾಡಲು ಹೋಗಲಿಲ್ಲ; ಆ ಹಕ್ಕು ತನಗಿಲ್ಲ ಎನ್ನುವವನಂತೆ ನೆಲ ನೋಡುತ್ತ ಕೂತ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಮುಖ ತೊಳೆದುಕೊಂಡಳು. ಇನ್ನು ಕೆಲವು ದಿನ ಈ ಮನೆಗೆ ಬರಲಾರೆ ಎಂದಳು. ಅವನು ಆಗಲಿ ಎಂದ. ಹೊಸ್ತಿಲು ದಾಟುವ ಮುಂಚೆ ತಿರುಗಿ ನೋಡಿದಳು.

"ಮೊದಲ ಸ್ಥಾನ ಅವಳಿಗೇ ಇರಲಿ ಬಿಡು. ಅಪ್ಪನ ಹೆಸರೂ ಸಿಗದವಳು, ಪಾಪ. ನನಗೆ ನನ್ನ ಚಿನ್ನ ಇದೆ. ಅದನ್ನ ನಾನೇ ಗೆದ್ದದ್ದು, ಯಾರೂ ಕಿತ್ಕೊಳ್ಳೋಕಾಗಲ್ಲ. ಅಲ್ವಾ?"

"ಯಾರೂ ಕಿತ್ಕೊಳ್ಳಲ್ಲ, ಮಗೂ," ಎಂದ ಮುದುಕ.

ಅವಳ ಹೆಜ್ಜೆ ಸಪ್ಪಳ ಬೀದಿಯ ತಿರುವಿನಲ್ಲಿ ಅಡಗುವವರೆಗೆ ಅವನು ಬಾಗಿಲು ಹಿಡಿದು ನಿಂತಿದ್ದ.

ಹೆಂಡತಿಯನ್ನು ಬಿಟ್ಟು ಇನ್ನೊಬ್ಬ ಹೆಂಗಸಿನ ಕೈಯನ್ನೂ ಅವನು ಹಿಡಿದವನಲ್ಲ. ಆ ಫೈನಲ್‌ನ ಬೆಳಿಗ್ಗೆ, ಸಾಣೆಗೆಂದು ನಂಬಿ ಕೊಟ್ಟಿದ್ದ ಗುಬ್ಬಿಯ ಬಲಗಾಲಿನ ಅಲಗಿನಲ್ಲಿ, ಜಿಗಿದು ಇಳಿಯುವಾಗ ಮಂಜುಗಡ್ಡೆ ಕಚ್ಚಿ ಹಿಡಿಯುವ ಹೊರ ಅಂಚನ್ನು ಎರಡು ಬೆರಳಗಲ ಉಜ್ಜಿ ಮೊಂಡು ಮಾಡಿದ್ದ.